ಎಂಟಕ್ಕೆ ದುಡ್ಡು, ನಾಲ್ಕಕ್ಕೆ ಚೌಕಾಸಿ: ಚೀನಾದವರು ಡೊಮೈನ್ ಹೆಸರನ್ನು ಓದುವ ಬಗೆ

ನನ್ನ ಗೆಳೆಯನೊಬ್ಬನ ಅಪ್ಪನಿಗೆ ಮೂರು ಇನಿಷಿಯಲ್ಲು. ಊರಿನದು ಒಂದು, ತಾತನದು ಒಂದು, ಮನೆತನದ್ದು ಇನ್ನೊಂದು. ಹೆಸರಿನ ಮೊದಲಕ್ಷರವನ್ನೂ ಸೇರಿಸಿದರೆ ನಾಲ್ಕು. ಗೆಳೆಯ 2005ರ ಸುಮಾರಿಗೆ ಬಸವನಗುಡಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಪುಟ್ಟ ಆಫೀಸು ತೆರೆದಾಗ, ಅಪ್ಪನ ಹೆಸರಲ್ಲಿ ಇರಲಿ ಅಂತ ಆ ನಾಲ್ಕಕ್ಷರದ ಡಾಟ್ ಕಾಮ್ ಕೊಂಡಿಟ್ಟಿದ್ದ. ಆಫೀಸು ಮೂರು ವರ್ಷಕ್ಕೇ ಮುಚ್ಚಿತು. ಡೊಮೈನ್, ಅಂದರೆ ಆ ವೆಬ್ ವಿಳಾಸ ಮಾತ್ರ ಸುಮ್ನೆ ಬಿದ್ದಿತ್ತು. ವರ್ಷವರ್ಷ ಐನೂರೋ ಆರುನೂರೋ ಕಟ್ಟಿ ಉಳಿಸಿಕೊಂಡು ಬಂದಿದ್ದ, ಅಷ್ಟೆ.

2015ರ ಮಳೆಗಾಲದಲ್ಲಿ ಅವನಿಗೆ ಒಂದೇ ವಾರದಲ್ಲಿ ಮೂರು ಈಮೇಲ್ ಬಂದವು. ಮೂರೂ ಚೀನಾದಿಂದ, ಮೂರರಲ್ಲೂ ಒಂದೇ ಪ್ರಶ್ನೆ: ಮಾರುತ್ತೀರಾ? ಹೆಚ್ಚು ಯೋಚಿಸದೆ 300 ಡಾಲರಿಗೆ ಕೊಟ್ಟುಬಿಟ್ಟ. ಆ ಸಂಜೆ ನಮಗೆಲ್ಲ ಮಸಾಲೆ ದೋಸೆ ಕೊಡಿಸಿದ. "ಈ ನಾಲ್ಕಕ್ಷರಕ್ಕೆ ತಲೆ ಇಲ್ಲ ಬಾಲ ಇಲ್ಲ ಮಾರಾಯ, ಯಾರೋ ಬಕರಾ ಸಿಕ್ಕ" ಅಂತ ನಕ್ಕ. ಡಿಸೆಂಬರ್ ಹೊತ್ತಿಗೆ ಅದೇ ಜಾತಿಯ ಹೆಸರುಗಳ ಬೆಲೆ ಸಾವಿರ ಡಾಲರ್ ದಾಟಿ ಮೇಲಕ್ಕೆ ಹೋಗಿತ್ತು. ದೋಸೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಆ ಹೆಸರಿನಲ್ಲಿ ಎ, ಇ, ಐ, ಒ, ಯು ಇರಲಿಲ್ಲ. ವಿ ಅಕ್ಷರವೂ ಇರಲಿಲ್ಲ. ಗುಟ್ಟು ಅಷ್ಟೇ. ಇಂಗ್ಲಿಷ್ ಓದುವ ಕಣ್ಣಿಗೆ ಸ್ವರ ಇಲ್ಲದ ಪದ ಉಚ್ಚರಿಸಲಾಗದ ಕಸ. ಚೀನಾದ ಕೊಳ್ಳುವವನಿಗೆ ಸ್ವರ ಬಂದರೇನೇ ಕಸ. ಅವನು ಅಲ್ಲಿ ಪದವನ್ನೇ ಹುಡುಕುತ್ತಿಲ್ಲ. ಅವನ ಪಾಲಿಗೆ ಒಂದೊಂದು ಅಕ್ಷರವೂ ಒಂದೊಂದು ಮಾತಿನ ಶುರು. ಅಂಕಿಯಾದರೆ ಒಂದೊಂದೂ ಒಂದೊಂದು ಸದ್ದು. ಅವನು ಡೊಮೈನನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ಕೇಳುವುದೇ ಜಾಸ್ತಿ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಾಲೋ, ಹಾಳೋ?

ಚೀನೀ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅನ್ನುತ್ತಾರೆ. 1958ರಲ್ಲಿ ಚೀನಾ ಸರ್ಕಾರ ಅದನ್ನು ಅಧಿಕೃತ ಮಾಡಿತು. ಅದರ ಹಿಂದೆ ದುಡಿದವರಲ್ಲಿ ಮುಖ್ಯರಾದ ಝೌ ಯೂಗುವಾಂಗ್ 2017ರಲ್ಲಿ ತೀರಿಕೊಂಡರು, 111 ವರ್ಷ ಬಾಳಿ. ಶಾಲೆಯ ಮಕ್ಕಳಿಗೆ ಉಚ್ಚಾರ ಕಲಿಸಲು, ಓದು ಬಾರದವರಿಗೆ ಓದಿಸಲು ಮಾಡಿದ ಏರ್ಪಾಡು ಅದು. ಮುಂದೊಂದು ದಿನ ಅದೇ ಅಕ್ಷರಗಳನ್ನು ಹಿಡಿದು ಕೋಟಿಗಟ್ಟಲೆ ವ್ಯಾಪಾರ ನಡೆಯುತ್ತದೆ ಎಂದು ಆಗ ಯಾರೂ ಎಣಿಸಿರಲಾರರು.

ಪಿನ್‌ಯಿನ್‌ನ ಕಷ್ಟ ಏನು ಅನ್ನುವುದು ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ನಾವು ವಾಟ್ಸಾಪಿನಲ್ಲಿ ಕಂಗ್ಲಿಷ್ ಬರೆಯುತ್ತೇವಲ್ಲ, ಹಾಗೇ. ಎಚ್, ಎ, ಎಲ್, ಯು ಅಂತ ನಾಲ್ಕಕ್ಷರ ಬರೆದರೆ ಅದು ಹಾಲೋ ಹಾಳೋ? ಹಾಲಿನ ಡೇರಿಗೆ ಆ ಡೊಮೈನ್ ಕೊಂಡವನ ಕಥೆ ಏನು? ಕೆ, ಎ, ಎ, ಎಲ್, ಯು ಅಂದರೆ ಕಾಲೂ ಆಗಬಹುದು, ಕಾಳೂ ಆಗಬಹುದು. ನಮಗೆ ಹೀಗೆ ಗೊಂದಲವಾಗುವುದು ಆಗೊಮ್ಮೆ ಈಗೊಮ್ಮೆ. ಚೀನೀ ಭಾಷೆಯಲ್ಲಿ ಹೆಜ್ಜೆಹೆಜ್ಜೆಗೂ ಇದೇ ಪಾಡು. ದನಿಯ ಏರಿಳಿತ ಬಿಟ್ಟು ಲೆಕ್ಕ ಹಾಕಿದರೆ ಆ ಭಾಷೆಯಲ್ಲಿ ಇರುವುದೇ ಸುಮಾರು 400 ಬಿಡಿ ಉಚ್ಚಾರಗಳು. ಸಾವಿರಾರು ಲಿಪಿಚಿಹ್ನೆಗಳು ಈ 400 ಉಚ್ಚಾರಗಳೊಳಗೇ ಹಂಚಿಕೊಂಡು ಬದುಕಬೇಕು. ಡೊಮೈನಿನಲ್ಲಂತೂ ಏರಿಳಿತದ ಗುರುತು ಹಾಕಲು ಜಾಗವೇ ಇಲ್ಲ.

ಚೀನಾದ ಟ್ವಿಟರ್ ಅನ್ನಬಹುದಾದ ವೈಬೊ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರಿನ ಅರ್ಥ ಪುಟ್ಟ ಬ್ಲಾಗು. ಅದೇ ಉಚ್ಚಾರವನ್ನು ಸ್ವಲ್ಪ ಬೇರೆ ಏರಿಳಿತದಲ್ಲಿ ಹೇಳಿದರೆ ಕುತ್ತಿಗೆಗೆ ಸುತ್ತಿಕೊಳ್ಳುವ ಮಫ್ಲರ್. ಚೀನಾದ ಹುಡುಗರು ವೈಬೊದಲ್ಲಿ ಏನಾದರೂ ಬರೆಯುವುದನ್ನು "ಮಫ್ಲರ್ ಹೆಣೆಯುವುದು" ಅಂತಲೇ ತಮಾಷೆಗೆ ಕರೆಯುತ್ತಿದ್ದರು. ಹೆಸರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ, ಇನ್ನಷ್ಟು ಬಾಯಿಗೆ ಹತ್ತಿತು. ಸೀನಾ ಕಂಪನಿ 2011ರಲ್ಲಿ ತನ್ನ ಹಳೆಯ ಉದ್ದನೆಯ ವಿಳಾಸ ಬಿಟ್ಟು ವೈಬೊ ಡಾಟ್ ಕಾಮ್‌ಗೆ ಬಂತು.

ವೈಬೊ, ಬೈದು, ತಾವ್‌ಬಾವ್, ಇವೆಲ್ಲ ಎರಡೆರಡು ಉಚ್ಚಾರದ ಹೆಸರುಗಳು. ಬೈದು ಎಂಬ ಹುಡುಕುತಾಣದ ಹೆಸರಿನ ಅರ್ಥ ನೂರಾರು ಸಲ. ತಾವ್‌ಬಾವ್ ಎಂಬ ಆನ್‌ಲೈನ್ ಅಂಗಡಿಯ ಹೆಸರಿನ ಅರ್ಥ ನಿಧಿ ಹುಡುಕುವುದು. ಅಲ್ಲಿನ ವ್ಯಾಪಾರಿಗಳು ಈ ಬಗೆಗೆ ಷುವಾಂಗ್‌ಪಿನ್ ಅನ್ನುತ್ತಾರೆ, ಜೋಡಿ ಉಚ್ಚಾರ ಅಂತ. 400 ಉಚ್ಚಾರಗಳನ್ನು ಜೋಡಿ ಮಾಡಿದರೆ ಒಟ್ಟು 1,60,000 ಹೆಸರು. ಅದರಲ್ಲಿ ಬಹುಪಾಲಿಗೆ ಅರ್ಥವೇ ಇರುವುದಿಲ್ಲ. ಒಳ್ಳೆಯ ಅರ್ಥ, ಅದೂ ಒಂದಕ್ಕಿಂತ ಹೆಚ್ಚು ಒಳ್ಳೆಯ ಅರ್ಥ ಇರುವುವು ಕಡಿಮೆ. ಚೀನಾದ ಕಂಪನಿ ನಿಜವಾಗಿ ಅಂಗಡಿ ತೆರೆಯಲು ಹೆಸರು ಹುಡುಕುವಾಗ ಮೊದಲು ಕೈ ಹಾಕುವುದು ಈ ರಾಶಿಗೆ. ನನ್ನ ಕೇಳಿದರೆ ಚೀನೀ ಡೊಮೈನ್ ಪೇಟೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಬೆಲೆ ಇರುವುದು ಇದಕ್ಕೇ. ಅಂಕಿಗಳ ಸದ್ದುಗದ್ದಲದಲ್ಲಿ ಹೊರಗಿನವರಿಗೆ ಇದು ಕಾಣಿಸುವುದಿಲ್ಲ.

ಇನ್ನೂ ಚಿಕ್ಕದು ಬೇಕಾದರೆ ಒಂದೇ ಉಚ್ಚಾರ. ಫೋನ್ ಕಂಪನಿ ಷವೋಮಿ 2014ರಲ್ಲಿ ಎಂಐ ಡಾಟ್ ಕಾಮ್ ಹೆಸರಿಗೆ 36 ಲಕ್ಷ ಡಾಲರ್ ಕೊಟ್ಟಿತು. ಷವೋಮಿ ಅನ್ನುವ ಪದ ಹೊರದೇಶದವರ ನಾಲಿಗೆಗೆ ಹೊರಳದು ಎಂಬುದು ಒಂದು ಕಾರಣ. ಅದೇ ವರ್ಷ ಅವರು ಭಾರತಕ್ಕೂ ಕಾಲಿಟ್ಟರು. ಬೆಂಗಳೂರಿನಲ್ಲಿ ನಾವೆಲ್ಲ ಅದನ್ನು "ಎಂಐ ಫೋನು" ಅಂತ ಎರಡು ಇಂಗ್ಲಿಷ್ ಅಕ್ಷರವಾಗಿ ಓದಿದೆವು. ಚೀನಾದ ಕಿವಿಗೆ ಅದು "ಮಿ", ಅಂದರೆ ಅಕ್ಕಿ. ಷವೋಮಿ ಅಂದರೆ ಪುಟ್ಟ ಅಕ್ಕಿ, ಅಂದರೆ ನಮ್ಮ ನವಣೆಯಂಥ ಸಿರಿಧಾನ್ಯ. ಒಂದೇ ಎರಡಕ್ಷರ ಒಂದು ದೇಶದಲ್ಲಿ ಇನಿಷಿಯಲ್ಲು, ಇನ್ನೊಂದು ದೇಶದಲ್ಲಿ ಊಟದ ತಟ್ಟೆ. ದುಡ್ಡು ಕೊಟ್ಟವರಿಗೆ ಎರಡೂ ಬೇಕಾಗಿತ್ತು.

ಈಗ ನನ್ನ ಗೆಳೆಯನ ನಾಲ್ಕಕ್ಷರಕ್ಕೆ ಬರೋಣ. ಪಿನ್‌ಯಿನ್‌ನಲ್ಲಿ ಐ, ಯು, ವಿ ಅಕ್ಷರಗಳಿಂದ ಯಾವ ಉಚ್ಚಾರವೂ ಶುರುವಾಗುವುದಿಲ್ಲ. ಎ, ಇ, ಒ ಇಂದ ಶುರುವಾಗುವುವು ಬೆರಳೆಣಿಕೆಯಷ್ಟು. ಈ ಆರನ್ನು ತೆಗೆದರೆ ಉಳಿಯುವುದು 20 ಅಕ್ಷರ. ಅವನ್ನು ಸಾಲಾಗಿ ಇಟ್ಟರೆ ಪ್ರತಿಯೊಂದೂ ಯಾವುದೋ ಕಂಪನಿಯ, ಊರಿನ, ನಾಲ್ಕು ಪದದ ನುಡಿಗಟ್ಟಿನ ಮೊದಲಕ್ಷರ ಆಗಬಹುದು. ಬಿ-ಜೆ ಕಂಡರೆ ಬೀಜಿಂಗ್, ಎಸ್-ಎಚ್ ಕಂಡರೆ ಶಾಂಘೈ, ಝಡ್-ಜಿ ಕಂಡರೆ ಝೊಂಗ್‌ಗುವೊ, ಅಂದರೆ ಚೀನಾ. ಜಿಂಗ್‌ಡಾಂಗ್ ಎಂಬ ಆನ್‌ಲೈನ್ ಅಂಗಡಿ 2013ರಲ್ಲಿ ತನ್ನ ಹಳೆಯ ವಿಳಾಸ ಬಿಟ್ಟು ಜೆಡಿ ಡಾಟ್ ಕಾಮ್ ಆಯಿತು. ಇನಿಷಿಯಲ್ ಇಲ್ಲದೆ ಹೆಸರೇ ಪೂರ್ತಿಯಾಗದ ನಮ್ಮ ಕಡೆಯವರಿಗೆ ಈ ಲೆಕ್ಕ ಯಾಕೆ ಮೊದಲೇ ಹೊಳೆಯಲಿಲ್ಲವೋ!

ಅಂಕಿಯಲ್ಲಿ ಅಡಗಿರುವ ಮಾತು

ಅಂಕಿಗಳ ಕಥೆ ಇದಕ್ಕಿಂತ ಹಳೆಯದು. ಚೀನಾಕ್ಕೆ ಇಂಟರ್ನೆಟ್ ಬಂದಾಗ ಸಾಮಾನ್ಯ ಜನರಿಗೆ ಇಂಗ್ಲಿಷ್ ಕೀಬೋರ್ಡು ಪರಕೀಯ. ಅಂಕಿ ಹಾಗಲ್ಲ, ಫೋನು ಒತ್ತಿ ಒತ್ತಿ ಬೆರಳಿಗೆ ಗೊತ್ತಿತ್ತು. ಚೀನಾ ಟೆಲಿಕಾಂನ ಡಯಲ್-ಅಪ್ ಸಂಪರ್ಕಕ್ಕೆ 163 ಒತ್ತಬೇಕಿತ್ತು. ಡಿಂಗ್ ಲೇ ಎಂಬ ಯುವಕ ಕಟ್ಟಿದ ನೆಟ್‌ಈಸ್ ಕಂಪನಿ 163 ಡಾಟ್ ಕಾಮ್ ಹಿಡಿದುಕೊಂಡಿತು. ಇಂಟರ್ನೆಟ್ಟಿಗೆ ಹೋಗಲು ದಿನಾ ಒತ್ತುವ ನಂಬರೇ ವೆಬ್‌ಸೈಟಿನ ಹೆಸರು. ಬೇರೆ ಜಾಹೀರಾತು ಯಾಕೆ ಬೇಕು? ಇವತ್ತಿಗೂ ಅಲ್ಲಿ ರೈಲು ಟಿಕೆಟ್ ಬುಕ್ ಮಾಡುವ ತಾಣದ ಹೆಸರು 12306, ಅದು ರೈಲ್ವೆಯ ಸಹಾಯವಾಣಿ ನಂಬರು. ಚೀನಾ ಮೊಬೈಲ್‌ನದು 10086. ನಮ್ಮಲ್ಲಿ ರೈಲ್ವೆ ವಿಚಾರಣೆಗೆ 139 ಅಂತ ಇದೆಯಲ್ಲ, ಅದೇ ನಂಬರಿನಲ್ಲಿ ಟಿಕೆಟ್ ವೆಬ್‌ಸೈಟ್ ಇದ್ದಿದ್ದರೆ ಹೇಗೋ ಹಾಗೆ.

ನಂಬರು ನೆನಪಿಡುವುದು ಸುಲಭ ಅನ್ನುವುದು ಒಂದು ಮಾತಾಯಿತು. ಎರಡನೆಯದು ನಂಬರಿನ ಉಚ್ಚಾರ. ಚೀನೀ ಭಾಷೆಯಲ್ಲಿ ಒಂದೊಂದು ಅಂಕಿಯೂ ಒಂದೇ ಉಚ್ಚಾರ. ಹಾಗಾಗಿ ಅಂಕಿಗಳನ್ನು ಸಾಲಾಗಿ ಓದಿದರೆ ಒಂದು ವಾಕ್ಯದ ಹಾಗೆ ಕೇಳಿಸುತ್ತದೆ. ಎಂಟು ಅಂದರೆ ಬಾ. ಅದು ಫಾ ಎಂಬ ಪದಕ್ಕೆ ಹತ್ತಿರ, ಫಾ ಅಂದರೆ ಐಶ್ವರ್ಯ ಬರುವುದು. ಆರು ಲಿಯೂ, ಕೆಲಸ ಸರಾಗವಾಗಿ ಸಾಗುವುದು. ಒಂಬತ್ತು ಜಿಯೂ, ಬಹುಕಾಲ ಬಾಳುವುದು. ಐದು ವೂ, "ವೊ", ಅಂದರೆ ನಾನು ಎಂಬ ಪದಕ್ಕೆ ಹತ್ತಿರ. ಒಂದನ್ನು ಫೋನ್ ನಂಬರಿನಲ್ಲಿ ಯಾವ್ ಅಂತಲೂ ಓದುತ್ತಾರೆ. ಯಾವ್ ಅಂದರೆ ಬೇಕು. ನಾಲ್ಕು ಮಾತ್ರ ಪಾಪದ ಕೂಸು. ಅದರ ಉಚ್ಚಾರ ಸಾವು ಎಂಬ ಪದಕ್ಕೆ ತೀರಾ ಹತ್ತಿರ, ಏರಿಳಿತ ಮಾತ್ರ ಬೇರೆ.

ಈಗ ಜೋಡಿಸಿ ನೋಡಿ. 51 ಅಂದರೆ "ವೊ ಯಾವ್", ನನಗೆ ಬೇಕು. ಉದ್ಯೋಗ ಹುಡುಕುವ ಅಲ್ಲಿನ ದೊಡ್ಡ ತಾಣದ ಹೆಸರು 51ಜಾಬ್, ನನಗೆ ಕೆಲಸ ಬೇಕು. 58 ಅಂದರೆ "ವೊ ಫಾ", ನಾನು ಉದ್ಧಾರ ಆಗುತ್ತೇನೆ; ಅದು ಮನೆ ಬಾಡಿಗೆ, ಹಳೆ ಸಾಮಾನು, ಕೆಲಸದ ಜಾಹೀರಾತಿನ ತಾಣ. 168 ಅಂದರೆ ದಾರಿಯುದ್ದಕ್ಕೂ ಐಶ್ವರ್ಯ. ಚೀನಾದಿಂದ ಸಗಟು ಸರಕು ತರಿಸುವ ನಮ್ಮ ವ್ಯಾಪಾರಿಗಳಿಗೆ 1688 ಗೊತ್ತೇ ಇರುತ್ತದೆ, ಅಲಿಬಾಬಾದ ದೇಶೀ ಸಗಟು ಪೇಟೆ. ಅದನ್ನು ಬಾಯಿಬಿಟ್ಟು ಓದಿ: ಯೀ ಲಿಯೂ ಬಾ ಬಾ. ಅಲಿಬಾಬಾ ಅಂದ ಹಾಗೇ ಇಲ್ವಾ? ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚೀನಾದ ಮೆಕ್‌ಡೊನಾಲ್ಡ್ಸ್‌ನವರ ಡೆಲಿವರಿ ಫೋನ್ ನಂಬರು, 4008-517-517. ಏಳಕ್ಕೆ ಅಲ್ಲಿ ಚೀ ಅನ್ನುತ್ತಾರೆ, ಅದು ತಿನ್ನು ಎಂಬ ಪದಕ್ಕೆ ಹತ್ತಿರ. 517-517 ಅಂದರೆ "ನಂಗೆ ತಿನ್ನಬೇಕು, ನಂಗೆ ತಿನ್ನಬೇಕು". ಹಸಿದ ಮಗು ಹಟ ಮಾಡಿದ ಹಾಗೆ.

ಪ್ರೀತಿಗೂ ನಂಬರಿದೆ. 520 ಅಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ. 1314 ಅಂದರೆ ಬಾಳಿನುದ್ದಕ್ಕೂ. ಮೇ 20ನ್ನು ಅಲ್ಲಿ ಪ್ರೇಮಿಗಳ ದಿನದ ಹಾಗೆ ಆಚರಿಸುತ್ತಾರೆ. ಬೈಗುಳಕ್ಕೂ ನಂಬರಿದೆ, 250 ಅಂದರೆ ಪೆದ್ದ. ನಮ್ಮಲ್ಲಿ 420 ಅಂದ ಹಾಗೆ ಅನ್ನಬಹುದು.  ನಮ್ಮ 420 ಬಂದದ್ದು ಕಾನೂನಿನ ಪುಸ್ತಕದಿಂದ. 2024ರ ಜುಲೈಯಿಂದ ಹೊಸ ಸಂಹಿತೆ ಬಂದು ವಂಚನೆಯ ಕಲಮು 318 ಆಗಿದೆ, ಬೈಗುಳ ಮಾತ್ರ ಹಳೆಯ ನಂಬರಿನಲ್ಲೇ ನಿಂತಿದೆ.

ಹಾಗಂತ ಅದನ್ನು ಬರೀ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಚೆಂಗ್ಡುವಿನಲ್ಲಿ 2003ರಲ್ಲಿ ಎಂಟು ಎಂಟುಗಳಿರುವ ಫೋನ್ ನಂಬರಿಗೆ ಸಿಚುವಾನ್ ಏರ್‌ಲೈನ್ಸ್ 23.3 ಲಕ್ಷ ಯುವಾನ್ ಕೊಟ್ಟಿತು. ಬೀಜಿಂಗ್ ಒಲಿಂಪಿಕ್ಸ್ ಶುರುವಾದದ್ದು 2008ರ ಎಂಟನೇ ತಿಂಗಳ ಎಂಟನೇ ತಾರೀಕು, ರಾತ್ರಿ 8 ಗಂಟೆಗೆ. ಹಾಂಗ್‌ಕಾಂಗ್ ಷೇರುಪೇಟೆಯಲ್ಲಿ ಅಲಿಬಾಬಾದ ಸಂಖ್ಯೆ 9988. ನಮ್ಮಲ್ಲಿ ಆರ್‌ಟಿಒ ಫ್ಯಾನ್ಸಿ ನಂಬರಿಗೆ ಲಕ್ಷ ಲಕ್ಷ ಸುರಿಯುವವರಿಲ್ವಾ? ತಮಾಷೆ ಎಂದರೆ ಎಂಟು ಅಂದರೆ ನಮ್ಮ ಎಷ್ಟೋ ಜನಕ್ಕೆ ಶನಿಯ ನಂಬರು. ಕಾರಿನ ನಂಬರ್ ಕೂಡಿದಾಗ ಎಂಟು ಬಂದರೆ ಮುಖ ಸಿಂಡರಿಸುವವರನ್ನು ನೋಡಿದ್ದೇನೆ. ಅವರು ಬಿಸಾಡುವುದನ್ನು ಗುವಾಂಗ್‌ಝೌನಲ್ಲಿ ಯಾರೋ ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ.

ಆದರೆ ಎಲ್ಲ ನಂಬರಿನಲ್ಲೂ ಒಗಟು ಹುಡುಕಲು ಹೋದರೆ ದಾರಿ ತಪ್ಪುತ್ತದೆ. ಈ ಪೇಟೆಯಲ್ಲಿ ತುಂಬಾ ಹೆಸರಾದ ಮಾರಾಟ 360 ಡಾಟ್ ಕಾಮ್. ಅದು ವೊಡಾಫೋನ್ ಕೈಯಲ್ಲಿತ್ತು, ವೊಡಾಫೋನ್ 360 ಎಂಬ ತನ್ನ ಮೊಬೈಲ್ ಸೇವೆಗೆ ಇಟ್ಟುಕೊಂಡಿದ್ದ ಹೆಸರು. ಆ ಸೇವೆ ನಿಂತುಹೋಗಿತ್ತು. 2015ರಲ್ಲಿ ಚೀನಾದ ಚೀಹೂ 360 ಕಂಪನಿ 1.7 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಸಾನ್ ಲಿಯೂ ಲಿಂಗ್ ಎಂದು ಎಷ್ಟು ಸಲ ಓದಿದರೂ ಅದರಿಂದ ಐಶ್ವರ್ಯವೂ ಬರುವುದಿಲ್ಲ, ಪ್ರೀತಿಯೂ ಬರುವುದಿಲ್ಲ. ಕಂಪನಿಯ ಹೆಸರೇ ಅದು, ಅವರಿಗೆ ಬೇಕಿತ್ತು, ಕೊಟ್ಟರು. ಹಾಗೇ 4399 ಎಂಬ ಆಟಗಳ ತಾಣ ನಾಲ್ಕನ್ನು ಹಣೆಯ ಮೇಲೇ ಹೊತ್ತುಕೊಂಡು ದೊಡ್ಡದಾಯಿತು. ಇನ್ನೂ ತಮಾಷೆ ಬೇಕಾ? ಡೊಮೈನ್ ಕೊಡುಕೊಳ್ಳುವ ಚೀನಾದ ಒಂದು ದೊಡ್ಡ ಮಧ್ಯವರ್ತಿ ತಾಣದ ವಿಳಾಸವೇ 4 ಡಾಟ್ ಸಿಎನ್ (ಸಿಎನ್ ಅಂದರೆ ಚೀನಾ ದೇಶದ ಗುರುತು). ಒಂದೇ ಅಂಕಿಯಷ್ಟು ಚಿಕ್ಕದಾದ ಹೆಸರು ಸಿಕ್ಕಾಗ ಸಾವಿನ ಭಯ ಹಾರಿಹೋಗುತ್ತದೆ ಅಂತ ಕಾಣುತ್ತದೆ.

ಮುಟ್ಟಲಾಗದ ನಂಬರುಗಳೂ ಇವೆ. 1989ರ ಜೂನ್ 4ರ ತಿಯಾನನ್ಮೆನ್ ಘಟನೆಯನ್ನು ನೆನಪಿಸುವ 8964ರಂಥವು. ಚೀನಾದ ತಾಣಗಳಲ್ಲಿ ಅವಕ್ಕೆ ಕಡಿವಾಣ. ಉಚ್ಚಾರ ಎಷ್ಟೇ ಚೆನ್ನಾಗಿರಲಿ, ಅಂಥ ಹೆಸರಿನಲ್ಲಿ ಅಲ್ಲಿ ಅಂಗಡಿ ತೆರೆಯುವ ಧೈರ್ಯ ಯಾರಿಗಿದೆ?

ಅಕ್ಕಿ ಬೆಳೆಯುವವರು

ಡೊಮೈನ್‌ಗೆ ಚೀನೀ ಭಾಷೆಯಲ್ಲಿ ಯೂಮಿಂಗ್ ಅನ್ನುತ್ತಾರೆ. ಅದು ಯೂಮಿ, ಅಂದರೆ ಮೆಕ್ಕೆಜೋಳ ಎಂಬ ಪದಕ್ಕೆ ಹತ್ತಿರ. ಹಾಗಾಗಿ ಈ ವ್ಯಾಪಾರಿಗಳ ಬಾಯಲ್ಲಿ ಡೊಮೈನ್ ಅಂದರೆ ಜೋಳ. ಇನ್ನೂ ಚಿಕ್ಕದಾಗಿ ಮಿ, ಅಕ್ಕಿ. ತಮ್ಮನ್ನು ಅವರು ಮಿನೊಂಗ್ ಅಂತ ಕರೆದುಕೊಳ್ಳುತ್ತಾರೆ, ಅಕ್ಕಿ ಬೆಳೆಯುವ ರೈತ. ಆ ಅಕ್ಕಿಯನ್ನು ನಿಜವಾಗಿ ಬೇಯಿಸಿ ಉಣ್ಣುವವನು, ಅಂದರೆ ಹೆಸರನ್ನು ಬಳಸಿ ವ್ಯವಹಾರ ನಡೆಸುವವನು, ಝೊಂಗ್‌ಡುವಾನ್. ಕೊನೆಯ ನಿಲ್ದಾಣ ಅಂದ ಹಾಗೆ.

ಈ ರೈತರಲ್ಲಿ ಸಾಮಾನ್ಯರಿಲ್ಲ. ಫೂಜಿಯಾನ್ ಪ್ರಾಂತ್ಯದ ಸಾಯ್ ವೆನ್‌ಶೆಂಗ್ 2000ದ ಸುಮಾರಿಗೆ ಡೊಮೈನ್ ಕೊಂಡು ಮಾರುತ್ತಾ ಶುರು ಮಾಡಿದವರು. ಆ ದುಡ್ಡಿನಿಂದ ತಾಣಗಳನ್ನು ಕಟ್ಟಿದರು, ಆಮೇಲೆ ಫೋಟೊ ಚಂದ ಮಾಡುವ ಮೇಯ್ಟು ಆ್ಯಪ್‌ನ ಹಿಂದೆ ನಿಂತರು. 58 ಡಾಟ್ ಕಾಮ್ ಕಟ್ಟಿದ ಯಾವ್ ಜಿನ್‌ಬೊ ಕೂಡ ಮೊದಲು ಡೊಮೈನ್ ವ್ಯಾಪಾರದ ತಾಣ ನಡೆಸಿದವರೇ. ಹೆಸರಿನ ಬೆಲೆ ಗೊತ್ತಿದ್ದವರು ಹೆಸರಿನ ಮೇಲೇ ಕಂಪನಿ ಕಟ್ಟಿದರು.

ಈಗ 2015ಕ್ಕೆ. ಆ ವರ್ಷದ ಜೂನ್ ನಡುವಿನಿಂದ ಒಂದು ತಿಂಗಳೊಳಗೆ ಶಾಂಘೈ ಷೇರು ಸೂಚ್ಯಂಕ ಸುಮಾರು ಮೂರನೇ ಒಂದು ಭಾಗ ಕರಗಿತು. ಆಗಸ್ಟ್‌ನಲ್ಲಿ ಸರ್ಕಾರ ಯುವಾನ್ ಬೆಲೆಯನ್ನು ಇಳಿಸಿತು. ಚೀನಾದ ಒಬ್ಬ ವ್ಯಕ್ತಿ ವರ್ಷಕ್ಕೆ 50,000 ಡಾಲರಿಗಿಂತ ಜಾಸ್ತಿ ವಿದೇಶಿ ಹಣ ಕೊಳ್ಳುವಂತಿಲ್ಲ. ದುಡ್ಡಿದೆ, ಹಾಕಲು ಜಾಗವಿಲ್ಲ. ಡೊಮೈನ್ ಎಂಬುದು ಅಲ್ಲಿಯ ಯುವಾನ್ ಕೊಟ್ಟು ಕೊಂಡು, ಹೊರಗೆ ಡಾಲರಿಗೆ ಮಾರಬಹುದಾದ ಸರಕು. ಇದಕ್ಕೇ ಬೆಲೆ ಏರಿತು ಎಂಬ ಮಾತು ಆಗ ಜೋರಾಗಿ ಕೇಳಿಬರುತ್ತಿತ್ತು. ಇದ್ದರೂ ಇರಬಹುದು. ನನಗೆ ಮಾತ್ರ ಇನ್ನೊಂದು ಕಾರಣ ದೊಡ್ಡದು ಅನ್ನಿಸುತ್ತದೆ: ಸರಕನ್ನು ಎಣಿಸಬಹುದಿತ್ತು.

ಲೆಕ್ಕ ನೋಡಿ. ಎರಡಂಕಿಯ ಡಾಟ್ ಕಾಮ್ ಜಗತ್ತಿನಲ್ಲಿ ಇರುವುದೇ 100. ಮೂರಂಕಿಯದು 1,000, ನಾಲ್ಕಂಕಿಯದು 10,000. ಅದರಲ್ಲಿ ಸೊನ್ನೆ, ನಾಲ್ಕು ಎರಡನ್ನೂ ತೆಗೆದರೆ 4,096 ಮಾತ್ರ, ಅದಕ್ಕೇ ಬೇರೆ ರೇಟು. ಎಂಟರ ಜೋಡಿ ಇದ್ದರೆ ಇನ್ನೊಂದು ರೇಟು. ಸ್ವರವೂ ವಿ ಅಕ್ಷರವೂ ಇಲ್ಲದ ನಾಲ್ಕಕ್ಷರದವು 1,60,000. ಹೆಸರಿನ ಗುಣ ನೋಡಿ ಚೌಕಾಸಿ ಮಾಡುವ ಅಗತ್ಯವೇ ಇಲ್ಲ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು ಅಂತ ಬೋರ್ಡಿನಲ್ಲಿ ದರ ಬರೆದ ಹಾಗೆ, ದಿನದಿನದ ರೇಟು ಹೇಳಬಹುದು. ಒಬ್ಬನೇ ಸಾವಿರ ಹೆಸರು ಮೂಟೆಯಲ್ಲಿ ಕೊಂಡು ಮಾರನೇ ದಿನ ಇನ್ನೊಬ್ಬನಿಗೆ ದಾಟಿಸಬಹುದು. ಕಿವಿಯ ಲೆಕ್ಕ ಇಲ್ಲಿಗೆ ಮುಗಿದು, ಚೀಟಿಯ ಲೆಕ್ಕ ಶುರುವಾಗುತ್ತದೆ. ಸ್ವರ ಇಲ್ಲದ ನಾಲ್ಕಕ್ಷರಕ್ಕೆ ಅರ್ಥ ಇದೆಯೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ನಾಳೆ ಇದನ್ನು ಯಾರು ಕೊಳ್ಳುತ್ತಾರೆ ಎಂಬುದಷ್ಟೇ ಪ್ರಶ್ನೆ.

ಮಲೆನಾಡಿನವರಿಗೆ ಇದು ಗೊತ್ತಿರುವ ಕಥೆ. 2003ರ ಸುಮಾರಿಗೆ ವೆನಿಲಾ ಹುಚ್ಚು ಹತ್ತಿದಾಗ ಸಾಗರ, ಶಿರಸಿ ಕಡೆ ಮನೆಮನೆಯಲ್ಲೂ ಬಳ್ಳಿ. ಕೋಡು ಮಾರಿ ದುಡ್ಡು ಮಾಡಿದವರಿಗಿಂತ ಬಳ್ಳಿ ತುಂಡು ಮಾಡಿ ಪಕ್ಕದವರಿಗೆ ಮಾರಿ ದುಡ್ಡು ಮಾಡಿದವರೇ ಜಾಸ್ತಿ. ಬೆಲೆ ಬಿದ್ದಾಗ ಬಳ್ಳಿ ತೋಟದಲ್ಲೇ ಉಳಿಯಿತು. ಡೊಮೈನಿನಲ್ಲೂ ಹಾಗೇ ಆಯಿತು. 2016ರ ಮೊದಲ ತಿಂಗಳುಗಳಲ್ಲೇ ಕೊಳ್ಳುವವರು ತೆಳುವಾದರು. ವರ್ಷ ಮುಗಿಯುವ ಹೊತ್ತಿಗೆ ನಾಲ್ಕಕ್ಷರದ ಹೆಸರುಗಳ ಬೆಲೆ ತುತ್ತತುದಿಯ ಅರ್ಧಕ್ಕೂ ಕೆಳಗಿಳಿದಿತ್ತು. ಡೊಮೈನ್ ಬಳ್ಳಿಯ ಹಾಗೆ ಸುಮ್ನೆ ಇರುವುದೂ ಇಲ್ಲ, ಪ್ರತಿವರ್ಷ ಕಂದಾಯ ಕಟ್ಟಬೇಕು. ಸಾವಿರ ಹೆಸರು ಮೂಟೆ ಕಟ್ಟಿಕೊಂಡವನಿಗೆ ವರ್ಷವರ್ಷ ಹತ್ತು ಸಾವಿರ ಡಾಲರಿನಷ್ಟು ಕೈಬಿಡುತ್ತದೆ. ಐದಂಕಿ, ಆರಂಕಿಯ ಹೆಸರುಗಳನ್ನು ರಾಶಿ ಹಾಕಿಕೊಂಡವರಿಗೆ ಇದೇ ಕುತ್ತಿಗೆಗೆ ಬಂತು. ಉದ್ದದ ಅಂಕಿಗಳಿಗೆ ಆಮೇಲೂ ಗಿರಾಕಿ ಇದ್ದರು ನಿಜ, ಆದರೆ ಅದರಲ್ಲಿ ಒಂದು ಪಾಲು ಆನ್‌ಲೈನ್ ಜೂಜಿನವರು. ಚೀನಾದಲ್ಲಿ ಅದು ಕಾನೂನುಬಾಹಿರ. ಸರ್ಕಾರ ಒಂದು ವಿಳಾಸ ಮುಚ್ಚಿಸಿದರೆ ಅವರು ಮರುದಿನ ಇನ್ನೊಂದು ನಂಬರಿಗೆ ಹಾರುತ್ತಾರೆ. ಅಂಥ ಗಿರಾಕಿ ಇದ್ದಾನೆ ಎಂಬುದು ಹೆಮ್ಮೆ ಪಡುವ ವಿಷಯವಲ್ಲ.

ಸರ್ಕಾರದ ಕೈ

ಬೆಲೆ ನಿರ್ಧರಿಸುವ ಇನ್ನೊಂದು ಕೈ ಬೀಜಿಂಗ್‌ನದು. 2007ರಲ್ಲಿ ಒಂದು ಯುವಾನ್‌ಗೆ ಡಾಟ್ ಸಿಎನ್ ಕೊಟ್ಟು ಜನರನ್ನು ಕರೆದರು. ಸ್ಪ್ಯಾಮು, ಮೋಸದ ತಾಣ ತುಂಬಿಕೊಂಡವು. 2009ರ ಡಿಸೆಂಬರ್‌ನಲ್ಲಿ ಇನ್ನು ಮೇಲೆ ಖಾಸಗಿ ವ್ಯಕ್ತಿಗಳು ಡಾಟ್ ಸಿಎನ್ ನೋಂದಾಯಿಸುವಂತಿಲ್ಲ ಅಂದರು. 2012ರಲ್ಲಿ ಮತ್ತೆ ಬಿಟ್ಟರು. ಒಂದೂವರೆ ಕೋಟಿಯತ್ತ ಹೋಗುತ್ತಿದ್ದ ಎಣಿಕೆ ನಡುವೆ ಪಾತಾಳ ಕಂಡು ಮತ್ತೆ ಎದ್ದು 2 ಕೋಟಿ ಮುಟ್ಟಿತು. ಇಂಥ ಏರಿಳಿತ ನೋಡಿದವರಿಗೆ ಡಾಟ್ ಕಾಮ್ ಮೇಲೆ ಯಾಕೆ ಅಷ್ಟು ಮೋಹ ಅನ್ನುವುದು ಅರ್ಥವಾಗುತ್ತದೆ. ಅದು ಬೀಜಿಂಗ್‌ನ ಒಂದು ಸುತ್ತೋಲೆಗೆ ಮಾಯವಾಗುವಂಥದ್ದಲ್ಲ.

ಪೂರ್ತಿ ಸ್ವತಂತ್ರವೂ ಅಲ್ಲ. 2017ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಚೀನಾದೊಳಗೆ ಡೊಮೈನ್ ಇಟ್ಟುಕೊಳ್ಳುವವರು ನಿಜವಾದ ಗುರುತು ಕೊಡಬೇಕು. ಹೆಸರಿನ ಬಾಲ, ಅಂದರೆ ಡಾಟ್‌ನ ನಂತರದ ಭಾಗ, ಸರ್ಕಾರದ ಅನುಮತಿ ಪಡೆದದ್ದಾಗಿರಬೇಕು. ಅಲ್ಲಿನ ಸರ್ವರಿನಲ್ಲಿ ತಾಣ ನಡೆಸಬೇಕಾದರೆ ಬೇಯ್‌ಆನ್ ಎಂಬ ನೋಂದಣಿ ಬೇಕು. ಡಾಟ್ ಕಾಮ್‌ಗೆ ಅನುಮತಿ ಇದೆ. ಹೊರದೇಶಗಳ ಎಷ್ಟೋ ಬಾಲಗಳಿಗೆ ಇಲ್ಲ. ನಿಮ್ಮ ಹೆಸರು ಉಚ್ಚಾರದಲ್ಲಿ ಜೇನು ಸುರಿಸಿದರೂ ಬಾಲಕ್ಕೆ ಅನುಮತಿ ಇಲ್ಲದೆ ಬೇಯ್‌ಆನ್ ಸಿಗದಿದ್ದರೆ ಚೀನಾದ ನಿಜವಾದ ಬಳಕೆದಾರನಿಗೆ ಅದು ಬೇಡ. ಈಗಾಗಲೇ ಬೇಯ್‌ಆನ್ ಆಗಿರುವ ಹೆಸರಿಗೆ ಅದೇ ಕಾರಣಕ್ಕೆ ಸ್ವಲ್ಪ ಮೇಲ್ಬೆಲೆ.

ಚೀನೀ ಲಿಪಿಯಲ್ಲೇ ಪೂರ್ತಿ ವಿಳಾಸ ಬರೆಯಬಹುದಲ್ಲ ಅಂದಿರಾ? ಬರೆಯಬಹುದು. ಚೀನಾ ಎಂಬ ಚೀನೀ ಲಿಪಿಯ ಬಾಲಕ್ಕೆ 2010ರಲ್ಲೇ ಒಪ್ಪಿಗೆ ಸಿಕ್ಕಿದೆ. ನಮಗೂ ಡಾಟ್ ಭಾರತ ಕನ್ನಡ ಲಿಪಿಯಲ್ಲೇ ಇದೆ. ನೀವು ಕೊನೆಯ ಸಲ ಅಂಥ ವಿಳಾಸ ಟೈಪ್ ಮಾಡಿದ್ದು ಯಾವಾಗ? ಅಲ್ಲೂ ಅಷ್ಟೆ.

ಟೈಪ್ ಮಾಡುವುದೇ ಅಲ್ಲಿ ಅಪರೂಪವಾಗುತ್ತಿದೆ ಅನ್ನುವುದು ಇನ್ನೂ ದೊಡ್ಡ ವಿಷಯ. ತರಕಾರಿ ಗಾಡಿಯಿಂದ ಆಸ್ಪತ್ರೆಯವರೆಗೆ ಕ್ಯೂಆರ್ ಕೋಡ್. ಚೀನಾದ ವಾಟ್ಸಾಪಿನಂಥ ವೀಚಾಟ್ 2017ರಲ್ಲಿ ತನ್ನೊಳಗೇ ಓಡುವ ಪುಟ್ಟ ಆ್ಯಪ್‌ಗಳನ್ನು ತಂದ ಮೇಲೆ ಹೊಸ ಅಂಗಡಿಯವನಿಗೆ ವೆಬ್‌ಸೈಟೇ ಬೇಕಾಗಿಲ್ಲ. 163 ಒತ್ತಿ ಇಂಟರ್ನೆಟ್ಟಿಗೆ ಹೋಗುತ್ತಿದ್ದ ತಲೆಮಾರಿಗೆ ನಂಬರು ಬಾಗಿಲಾಗಿತ್ತು, ಮೊಮ್ಮಕ್ಕಳಿಗೆ ಅದು ಬರೀ ನಾಮಫಲಕ. ದೊಡ್ಡ ಕಂಪನಿಗಳು ಈಗಲೂ ಚಿಕ್ಕ ಹೆಸರಿಗೆ ದುಡ್ಡು ಕೊಡುತ್ತವೆ, ಆದರೆ ಅದು ಗತ್ತಿಗೆ ಮತ್ತು ಹೊರದೇಶದ ವ್ಯವಹಾರಕ್ಕೆ. ಮಧ್ಯಮ ದರ್ಜೆಯ ಹೆಸರುಗಳಿಗೆ ಹಳೆಯ ದಿನಗಳು ಮತ್ತೆ ಬರುತ್ತವೆ ಅಂತ ನಾನು ನಂಬುವುದಿಲ್ಲ.

ನಿಮ್ಮ ಇನ್‌ಬಾಕ್ಸಿಗೆ ಬಂದರೆ

ನಮ್ಮವರಿಗೆ ಚೀನಾದ ಡೊಮೈನ್ ಜಗತ್ತು ಪರಿಚಯವಾಗುವುದು ಹೆಚ್ಚಾಗಿ ಇನ್ನೊಂದು ಬಗೆಯ ಈಮೇಲಿನಿಂದ. ಮೈಸೂರಿನಲ್ಲಿ ಅಗರಬತ್ತಿ ಮಾಡುವ ನೆಂಟರೊಬ್ಬರು ಗಾಬರಿಯಿಂದ ನನಗೆ ಫೋನ್ ಮಾಡಿದ್ದರು. "ನೋಡಪ್ಪ, ನಮ್ಮ ಬ್ರ್ಯಾಂಡ್ ಹೆಸರನ್ನು ಚೀನಾದಲ್ಲಿ ಯಾರೋ ರಿಜಿಸ್ಟರ್ ಮಾಡ್ತಿದ್ದಾರಂತೆ, ಏಳು ದಿನದೊಳಗೆ ಉತ್ತರ ಕೊಡಬೇಕಂತೆ." ಶಾಂಘೈನ ಯಾವುದೋ ನೋಂದಣಿ ಕೇಂದ್ರ ಅಂತ ಕೆಳಗೆ ಸಹಿ. ನಿಮ್ಮ ಹೆಸರಿನ ಡಾಟ್ ಸಿಎನ್, ಡಾಟ್ ಎಚ್‌ಕೆ, ಡಾಟ್ ಏಷ್ಯಾ ಎಲ್ಲವನ್ನೂ ಇನ್ನೊಂದು ಕಂಪನಿ ಕೇಳುತ್ತಿದೆ, ನೀವು ಮೊದಲು ಕೊಂಡರೆ ನಿಮಗೇ ಕೊಡುತ್ತೇವೆ ಎಂಬ ಒಕ್ಕಣೆ. ಆ ಇನ್ನೊಂದು ಕಂಪನಿ ಇರುವುದೇ ಇಲ್ಲ. ಹೆದರಿಸಿ ದುಬಾರಿ ಬೆಲೆಗೆ ಡೊಮೈನ್ ಮಾರುವ ಹಳೇ ಉಪಾಯ ಇದು, ಜಗತ್ತಿನ ಎಲ್ಲ ಕಡೆಗೂ ಹೋಗುತ್ತದೆ. ಉತ್ತರ ಕೊಡದೆ ಅಳಿಸಿಬಿಡಿ ಅಂದೆ. ಚೀನಾಕ್ಕೆ ನಿಜವಾಗಿ ಸರಕು ಕಳಿಸುವವರ ಮಾತು ಬೇರೆ. ಅವರು ಟ್ರೇಡ್‌ಮಾರ್ಕನ್ನೂ ಡಾಟ್ ಸಿಎನ್ ಹೆಸರನ್ನೂ ಮುಂಚೆಯೇ ತಾವಾಗಿ ಮಾಡಿಸಿಕೊಳ್ಳಬೇಕು. ಟೆಸ್ಲಾದಂಥ ಟೆಸ್ಲಾವೇ ಅಲ್ಲಿ ತನ್ನ ಹೆಸರಿಗಾಗಿ ವ್ಯಾಜ್ಯ ನಡೆಸಿ, 2014ರಲ್ಲಿ ರಾಜಿಯಾದ ಮೇಲಷ್ಟೇ ಟೆಸ್ಲಾ ಡಾಟ್ ಸಿಎನ್ ಪಡೆಯಿತು.

ಇನ್ನು ಯಾರಾದರೂ ನಿಜವಾಗಿ ನಿಮ್ಮ ಹೆಸರು ಕೇಳಿಕೊಂಡು ಬಂದರೆ, ಮೊದಲು ಅದನ್ನು ಚೀನೀ ಬಲ್ಲ ಒಬ್ಬರ ಮುಂದೆ ಜೋರಾಗಿ ಓದಿಸಿ. ಎಷ್ಟು ಅರ್ಥ ಬರುತ್ತವೆ, ಅದರಲ್ಲಿ ಕೆಟ್ಟದ್ದು ಇದೆಯಾ ಕೇಳಿ. ಅದೇ ಹೆಸರಿನ ಡಾಟ್ ಸಿಎನ್ ಮೇಲೆ ಈಗಾಗಲೇ ಯಾರಾದರೂ ಅಂಗಡಿ ನಡೆಸುತ್ತಿದ್ದಾರಾ ನೋಡಿ. ಇದ್ದರೆ ನಿಮ್ಮ ಮುಂದಿರುವವನು ಅಕ್ಕಿ ಉಣ್ಣುವವನ ಕಡೆಯವನೇ ಇರಬಹುದು, ಬೆಲೆ ಹಿಡಿದು ನಿಲ್ಲಬಹುದು. ಬರೀ "ಎಷ್ಟು ಕೊಟ್ಟರೆ ಕೊಡ್ತೀರಿ" ಅಂತ ಅವಸರ ಮಾಡುವವನು ಹೆಚ್ಚಾಗಿ ಇನ್ನೊಬ್ಬ ರೈತ. ಅವನಿಗೆ ಮಂಡಿ ದರ ಬಿಟ್ಟು ಒಂದು ಡಾಲರೂ ಜಾಸ್ತಿ ಏಳುವುದಿಲ್ಲ. ದುಡ್ಡು ಮಾತ್ರ ಎಸ್ಕ್ರೊ ಮೂಲಕವೇ ಬರಲಿ. ಮಧ್ಯವರ್ತಿಯ ಕೈಗೆ ಹಣ ಬಿದ್ದ ಮೇಲಷ್ಟೇ ಹೆಸರು ಬಿಟ್ಟುಕೊಡಿ.

ಹೋದ ವರ್ಷ ನನ್ನ ಗೆಳೆಯನ ಅಪ್ಪ ತೀರಿಕೊಂಡರು. ಹದಿಮೂರನೇ ದಿನ ಮುಗಿದ ಮೇಲೆ, ಏನೋ ನೆನಪಾಗಿ, ಆ ನಾಲ್ಕಕ್ಷರವನ್ನು ಫೋನಿನಲ್ಲಿ ಟೈಪ್ ಮಾಡಿದ್ದಾನೆ. ಬಿಳಿ ಪುಟ, ಮೇಲೆ ಚೀನೀ ಲಿಪಿಯಲ್ಲಿ ಒಂದು ಸಾಲು. ನನಗೆ ಸ್ಕ್ರೀನ್‌ಶಾಟ್ ಕಳಿಸಿ ಏನಿದು ಅಂತ ಕೇಳಿದ. ಈ ಡೊಮೈನ್ ಮಾರಾಟಕ್ಕಿದೆ ಅಂತ ಬರೆದಿದೆ ಅಂದೆ. ಹತ್ತು ವರ್ಷದಲ್ಲಿ ಅದರ ಮೇಲೆ ಯಾರೂ ಏನೂ ಕಟ್ಟಿದ ಹಾಗೆ ಕಾಣಲಿಲ್ಲ. ಸಾಲಿನ ಕೆಳಗೆ ಮಾತಾಡಲು ಕ್ಯೂಕ್ಯೂ ಎಂಬ ಚೀನೀ ಚಾಟ್ ಆ್ಯಪಿನ ಒಂದು ನಂಬರು ಇತ್ತು. ಗೆಳೆಯ ಅದನ್ನು ದಿಟ್ಟಿಸಿ ನೋಡಿ, "ಇದರಲ್ಲಿ ಎರಡು ನಾಲ್ಕು ಇದೆ ಕಣೋ" ಅಂದ. "ಸ್ವಲ್ಪ ಕಮ್ಮಿ ಮಾಡ್ತಾನೆ ಅನ್ಸುತ್ತೆ."